ಅಮಾತೆಪ್ಪನ ವೈನ್ ವರದಿ

ಕೆಮ್ಮಿನ ಔಷಧದಲ್ಲೂ ಮದ್ಯ ಇರುತ್ತದೆ ಎಂದು ಯಾರೋ ಹೇಳಿದ ಮೇಲೆ ಅಮಾತೆಪ್ಪ ಒಂದಿಡೀ ಚಳಿಗಾಲ ಔಷಧವಿಲ್ಲದೆ ಕೆಮ್ಮಿದ್ದ. ಸುಮ್ಮನೆ ಕೆಮ್ಮಿದ್ದರೆ ಸಾಕಾಗಿತ್ತು. ಅದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ.

ಅವನು ಕಲಾದಗಿಯ ದ್ರಾಕ್ಷಿ ಬೆಳೆಗಾರರ ಸಂಘದ ಗುಮಾಸ್ತ. ಎಂಬತ್ನಾಲ್ಕನೇ ಇಸವಿಯಲ್ಲಿ ಸಂಘಕ್ಕೆ ವೈನ್ ಮಾಡುವ ಹುಚ್ಚು ಹಿಡಿಯಿತು. ಅದನ್ನು ಮಾಡುವುದು, ರುಚಿ ಹಿಡಿಯುವುದು ಎರಡನ್ನೂ ಕಲಿಯಲು ಯಾರನ್ನಾದರೂ ಕಳಿಸಬೇಕು. ಪುಣೆಯ ಆರು ತಿಂಗಳ ತರಗತಿಗೋ, ಬೆಂಗಳೂರಿನ ಹದಿನೈದು ದಿನದ್ದಕ್ಕೋ? ಎರಡೂ ಕಡೆಯವರು ಪಾಠಪಟ್ಟಿಯ ಜೊತೆ ರುಚಿ ನೋಡಲೆಂದು ಒಂದೊಂದು ಬಾಟಲಿಯನ್ನೂ ಕಳಿಸಿದ್ದರು. ಸಂಘದ ಅಧ್ಯಕ್ಷ ಬೀರಲಿಂಗಪ್ಪ ಬೆಳಿಗ್ಗೆಯೇ ಅವನ್ನೆಲ್ಲ ತಂದು ಅಮಾತೆಪ್ಪನ ಮನೆಯ ಮೇಜಿನ ಮೇಲಿಟ್ಟ.

"ಎರಡೂ ತೂಗಿ ನೋಡಿ ಸಂಜಿಗೆ ವರದಿ ಕೊಡು."

"ಅಧ್ಯಕ್ಷರ, ನಾ ಅದರ ವಾಸನಿ ಸೈತ ಕಂಡಾಂವಲ್ಲರಿ."

"ಅದಕ್ಕ ನಿನಗ ಕೊಟ್ಟೇನಿ. ಕುಡಿಯೋರನ್ನ ಕೇಳಿದ್ರ ಎರಡೂ ಚಲೋ ಅಂತಾರ. ಪಕ್ಷಪಾತ ಇಲ್ದಾಂವ ಅಂದ್ರ ಸಂಘದಾಗ ನೀ ಒಬ್ಬನ."

ಬೇರೆ ದಿನವಾಗಿದ್ದರೆ ಹೇಗೋ ನಡೆಯುತ್ತಿತ್ತು. ಅವತ್ತು ಸಂಜೆ ಬಸ್ಸಿಗೆ ಶಿವಯೋಗ ಮಂದಿರದ ಕಡೆಯಿಂದ ಹೆಣ್ಣಿನ ತಂದೆ ಅಂದಪ್ಪ ವರನನ್ನು ನೋಡಲು ಬರುವವನಿದ್ದ. ಭಾರೀ ಕಟ್ಟುನಿಟ್ಟಿನ ಮನುಷ್ಯ. ಹಿಂದೊಬ್ಬ ವರನನ್ನು ನಶ್ಯ ಏರಿಸುತ್ತಾನೆಂದು ಬಿಟ್ಟು ಬಂದವನು. ಅಮಾತೆಪ್ಪನಿಗೆ ಮೂವತ್ತಾರು ತುಂಬಿತ್ತು. ಇದೂ ತಪ್ಪಿದರೆ ಮತ್ತೆ ಯಾರೂ ತನ್ನ ಬಾಗಿಲಿಗೆ ಬರುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಈ ಸಂಬಂಧ ಹುಡುಕಿದವಳು ಪಕ್ಕದ ಮನೆಯ ಗುರುಲಿಂಗವ್ವ. ಹೊತ್ತು ಇಳಿಯುವಾಗ ಮನೆ ಚೊಕ್ಕಟವಾಗಿದೆಯೋ ಇಲ್ಲವೋ ನೋಡಲು ಬಂದಳು. ಹಿಂದೆಯೇ ಅವಳ ಆಡೂ ಬಂತು. ಪಾಠಪಟ್ಟಿಯ ಸಂಗತಿ ಕೇಳಿ ಅವಳಿಗೆ ಸೋಜಿಗವಾಯಿತು.

"ಕುಡಿಯೂದ ಕಲಿಯಾಕ ಆರ ತಿಂಗಳ ಯಾಕೋ? ನನ್ನ ಗಂಡ ಒಂದ ಸಂಜ್ಯಾಗ ಕಲ್ತಿದ್ದ."

"ಅಕ್ಕಾ, ಇದು ಕುಡಿಯೂದಲ್ಲ. ಬಾಯಾಗ ಹಾಕ್ಕೊಂಡು, ರುಚಿ ಹಿಡದು, ಉಗುಳೂದು."

"ಉಗುಳಾಕ ಪುಣೆಕ ಹೋಗಬೇಕೇನು?"

ಅಮಾತೆಪ್ಪ ಮೂಗಿಗೆ ಟವೆಲ್ ಬಿಗಿದುಕೊಂಡು, ಹಾವಿನ ಹೆಡೆ ಹಿಡಿದವನಂತೆ ಬಾಟಲಿ ಹಿಡಿದು, ಪುಣೆಯದನ್ನು ಒಂದು ತಟ್ಟೆಗೆ, ಬೆಂಗಳೂರಿನದನ್ನು ಇನ್ನೊಂದಕ್ಕೆ ಸುರುವಿ ನೆಲದ ಮೇಲಿಟ್ಟ. ಬಣ್ಣ ನೋಡಿ ಬರೆದುಕೊಳ್ಳುವಷ್ಟರಲ್ಲಿ ಆಡು ಪುಣೆಯ ನಲವತ್ತು ಪುಟದ ಪಾಠಪಟ್ಟಿಯನ್ನು ತಿಂದು ಮುಗಿಸಿ, ಮೇಲೆ ಪುಣೆಯ ತಟ್ಟೆಯನ್ನೂ ನೆಕ್ಕಿ ಸ್ವಚ್ಛ ಮಾಡಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಬೆಂಗಳೂರಿನ ತಟ್ಟೆಯನ್ನು ಮಾತ್ರ ಮೂಸಿ, ಸೀನಿ, ಮುಖ ತಿರುಗಿಸಿತು.

ಅಮಾತೆಪ್ಪ ಮೊದಲು ತಲೆ ಚಚ್ಚಿಕೊಂಡ. ಆಮೇಲೆ ಯೋಚನೆ ಮಾಡಿದ. ಪಕ್ಷಪಾತ ಆಡಿಗೂ ಇಲ್ಲವಲ್ಲ. ಕೂಡಲೇ ಕುಳಿತು ಬರೆದ: "ಪುಣೆಯ ಪಾಠ ಸುಲಭವಾಗಿ ಅರಗುತ್ತದೆ. ಅಲ್ಲಿಯ ವೈನಿನ ಸವಿ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಬೆಂಗಳೂರಿನದು ಒಗರು, ಮೂಗಿಗೆ ಏರುತ್ತದೆ. ಖುದ್ದಾಗಿ ಸವಿದು ಬರೆದದ್ದು." ಕೆಳಗೆ ಸಹಿ ಹಾಕಿದ.

ಮಸಿ ಆರಿರಲಿಲ್ಲ, ಅಂದಪ್ಪ ಬಾಗಿಲಲ್ಲಿ ನಿಂತಿದ್ದ. ಮನೆಯೆಲ್ಲ ಘಮಗುಡುತ್ತಿತ್ತು. ಮೇಜಿನ ಮೇಲೆ ಎರಡು ಬಾಟಲಿ. ಅಮಾತೆಪ್ಪನ ಸುತ್ತ ಆಡು ತೂರಾಡುತ್ತ ಪ್ರದಕ್ಷಿಣೆ ಹಾಕುತ್ತಿತ್ತು.

"ಅಂವ ಹನಿ ಮುಟ್ಟಿಲ್ರಿ, ಯಜಮಾನ್ರ. ಕುಡದದ್ದು ಆಡ," ಎಂದಳು ಗುರುಲಿಂಗವ್ವ. ಅದರಿಂದ ಅಂದಪ್ಪನ ಮುಖವೇನೂ ತಿಳಿಯಾಗಲಿಲ್ಲ.

ಅಮಾತೆಪ್ಪ ಕೊರಳ ಲಿಂಗ ಹಿಡಿದು ಆಣೆ ಮಾಡಿ, ಸಂಘದ ಕತೆಯನ್ನೆಲ್ಲ ಹೇಳಿದ. ಅಂದಪ್ಪ ಹತ್ತಿರ ಬಂದು, "ಬಾಯಿ ತಗೀರಿ," ಎಂದು ಮೂಸಿ ನೋಡಿದ.

"ಖರೆ. ಕುಡದಿಲ್ಲ."

ಅಮಾತೆಪ್ಪನಿಗೆ ಹೋದ ಜೀವ ಬಂತು. ಗುರುಲಿಂಗವ್ವ ಅವಲಕ್ಕಿ ತಂದಿಟ್ಟಳು. ಅಂದಪ್ಪ ಕನ್ನಡಕ ಏರಿಸಿ, ಮೇಜಿನ ಮೇಲಿದ್ದ ವರದಿಯನ್ನು ನಿಧಾನಕ್ಕೆ ಓದಿದ.

"ಇದು ನಿಮ್ಮ ಸಹಿ ಏನ್ರಿ?"

"ಹೌದ್ರಿ."

"ಖುದ್ದಾಗಿ ಸವಿದು ಅಂತ ಬರದೀರಿ."

"ಅದು... ಬರಿಯೂ ಪದ್ಧತಿ ಹಂಗ ಇರತೈತ್ರಿ."

ಅಂದಪ್ಪ ಕಾಗದ ಮಡಚಿಟ್ಟು ಎದ್ದ. "ಕುಡದಿದ್ರ ಬುದ್ಧಿ ಹೇಳಿ ಬಿಡಸ್ತಿದ್ದೆ. ನೀವು ಕುಡೀದನ ರುಚಿ ಬರದೀರಿ. ಇಷ್ಟ ಸಲೀಸ ಸುಳ್ಳ ಬರಿಯಾಂವಗ ನಾ ಮಗಳನ್ನ ಕೊಡಾಂವಲ್ಲ."

ಅವಲಕ್ಕಿ ಮುಟ್ಟದೆ ಅವನು ಬಂದ ಬಸ್ಸಿಗೇ ಹೊರಟು ಹೋದ. ಗುರುಲಿಂಗವ್ವನಿಗೆ ಸಂಕಟ ತಡೆಯಲಾಗಲಿಲ್ಲ.

"ಒಂದ ಗುಟುಕ ಕುಡದ ಬರದಿದ್ರ ಖರೆ ಆಗ್ತಿತ್ತಲ್ಲೋ, ಖೋಡಿ."

"ಕುಡದಿದ್ರ ಬಾಯಿ ಮೂಸಿದಾಗ ಹೋಗತಿದ್ದ, ಅಕ್ಕಾ," ಎಂದ ಅಮಾತೆಪ್ಪ. "ಈಗ ಓದಿ ಹೋದ."