ಎಲೆಮೂಗಿನ ಬಾವಲಿಯ ಬೆನ್ನು ಹತ್ತಿ

ಹುಡುಕುವವರ ಕಣ್ಣು ತಪ್ಪಿಸುವುದನ್ನು ಬಾವಲಿಗಳು ಎಲ್ಲಿ ಕಲಿತವೋ ಕಾಣೆ. ನನ್ನ ಪಾಲಿಗಂತೂ ಇಂಥದ್ದು ನಡೆಯುತ್ತಲೇ ಇರುತ್ತದೆ. ಪುಸ್ತಕದ ನಕಾಶೆಯಲ್ಲಿ ಎಲೆಮೂಗಿನ ಬಾವಲಿ ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಇದೆ, ಬಾಗಲಕೋಟೆ ಮಾತ್ರ ಖಾಲಿ. ಆ ಖಾಲಿ ಜಾಗದಲ್ಲಿ ಒಂದೇ ಒಂದು ಚುಕ್ಕೆ ಇಡುವುದು ನನ್ನ ಸಂಶೋಧನೆ. "ಈ ಬೇಸಿಗೆಯೊಳಗೆ ತೋರಿಸದಿದ್ದರೆ ವಿಷಯ ಬದಲಿಸು" ಎಂದು ಮಾರ್ಗದರ್ಶಕರು ಕಡ್ಡಿ ಮುರಿದಂತೆ ಹೇಳಿದ್ದರು. ವರ್ಷಗಟ್ಟಲೆ ಬಾವಲಿ ಹಿಕ್ಕೆಯ ವಾಸನೆ ಕುಡಿದವಳು ಬಿಟ್ಟೇನೆ? ಅಂದೇ ಚೀಲ ಹೆಗಲಿಗೇರಿಸಿ ಹೊರಟೆ.

ಇಳಕಲ್ಲಿನ ಗುಬ್ಬಿ

ನೇಕಾರರ ಓಣಿಯಲ್ಲಿ "ಬಾವಲಿ ಅದಾವೇನ್ರಿ?" ಎಂದು ಕೇಳುತ್ತ ಹೋದೆ. ಪ್ರತಿ ಮನೆಯವರೂ ಪಕ್ಕದ ಮನೆ ತೋರಿಸಿದರು. ಬಾವಲಿ ಹೊಕ್ಕ ಮನೆ ಹಾಳು ಎಂಬ ಮಾತಿದೆಯಲ್ಲ! ಕೊನೆಯ ಮನೆಯಲ್ಲಿ ಮಗ್ಗದ ಮುಂದೆ ಕೂತ ಮುದುಕಿ "ನಮ್ಮಲ್ಲಿ ಇಲ್ಲವ್ವಾ" ಎನ್ನುವಷ್ಟರಲ್ಲೇ ಆಕೆಯ ತಲೆಯ ಮೇಲಿಂದ ಒಂದು ಪಟಪಟ ಹಾರಿ ಬೆಳಕಿಂಡಿಯಿಂದ ಹೊರಬಿತ್ತು. ಅದರ ಮೂಗು ನೋಡಲೂ ಆಗಲಿಲ್ಲ.

"ಅದೇನು ಆಯಿ ಮತ್ತ?"

"ಗುಬ್ಬಿ."

"ಕರ್ರಗಿತ್ತಲ್ಲ!"

"ನಾಳಿ ಮೊಮ್ಮಗಳನ್ನ ನೋಡಾಕ ಬರಾವ್ರದಾರ. ಗುಬ್ಬಿ ಅಂದ್ರ ಗುಬ್ಬಿ. ಬಿಸಲಿಗೆ ಕರ್ರಗಾಗೇತಿ, ನೀ ಆಗಿಲ್ಲೇನು ಹಂಗ!"

ಬಾದಾಮಿಯ ಮಂಗ

ಬಾವಲಿಯ ಕೂಗು ನಮ್ಮ ಕಿವಿಗೆ ಕೇಳಿಸದು. ಅದನ್ನು ಹಿಡಿದು ಕಟಕಟ ಎನ್ನುವ ಯಂತ್ರವೊಂದು ನನ್ನ ಬಳಿ ಇತ್ತು. ಸಂಜೆ ಬಾದಾಮಿಯ ಬಂಡೆಯ ಬುಡದಲ್ಲಿ ಅದನ್ನು ಚೀಲದಿಂದ ತೆಗೆದದ್ದೇ ತಡ, ಮಂಗವೊಂದು ಕಿತ್ತುಕೊಂಡು ಮನುಷ್ಯರು ಏರಲಾಗದ ಬಿರುಕಿಗೆ ಹೋಗಿ ಕೂತಿತು. ಇಷ್ಟು ದಿನ ಮೂಕವಾಗಿದ್ದ ಯಂತ್ರ ಅಲ್ಲಿ ಕಟಕಟ ಶುರುಹಚ್ಚಿಕೊಂಡಿತು! ಬಾವಲಿ ಮೇಲೆ, ಯಂತ್ರ ಮೇಲೆ, ನಾನೊಬ್ಬಳೇ ಕೆಳಗೆ.

ಪಕ್ಕದಲ್ಲಿದ್ದ ಕಾವಲುಗಾರ ಹೇಳಿದ: "ಅಕ್ಕಾರ, ನಿಮ್ಮ ನೌಕರಿ ಅದಕ್ಕ ಕೊಟ್ಟಬಿಡ್ರಿ. ಪಗಾರ ಒಂದ್ ಬಾಳೆಹಣ್ಣು ಸಾಕು."

ಹುನಗುಂದದ ಸ್ವಾಗತ

ಹುನಗುಂದದ ಆಚೆ ಹಳ್ಳಿಯೊಂದರ ಹಾಳು ಮಂಟಪದಲ್ಲಿ ಕೊನೆಗೂ ಸಿಕ್ಕವು! ಸಾಲಾಗಿ ತಲೆಕೆಳಗಾಗಿ ತೂಗುತ್ತಿದ್ದವು. ಒಳಗಿನ ಕತ್ತಲಿಗೆ ಫೋಟೊಗಳೆಲ್ಲ ಮಸುಕಾದವು. "ನಾಳೆ ನಾನೇ ಬಂದು ನೋಡುತ್ತೇನೆ" ಎಂದು ಮಾರ್ಗದರ್ಶಕರು ಫೋನಿನಲ್ಲಿ ಹೇಳಿದರು. ಬಾವಲಿಯ ಹೆಸರೆತ್ತಿದರೆ ಊರವರು ಏನು ಮಾಡಿಯಾರೋ ಎಂಬ ಭಯ ನನಗೆ. ಊರ ಹಿರಿಯರಿಗೆ "ನಾಳಿ ನಮ್ಮ ಸರ್ ಮಂಟಪ ನೋಡಾಕ ಬರ್ತಾರ್ರಿ" ಎಂದಷ್ಟೇ ಹೇಳಿದೆ.

ಮರುದಿನ ಹೋದರೆ ಬಾಗಿಲಿಗೆ ಮಾವಿನ ತೋರಣ, ನೆಲಕ್ಕೆ ರಂಗೋಲಿ, ಒಳಗೆಲ್ಲ ಬೆಳ್ಳನೆಯ ಸುಣ್ಣ, ಮೂಗಿಗೆ ಮೆಣಸಿನಕಾಯಿಯ ಘಾಟು. ಹಿರಿಯರು ಸರ್ ತಲೆಗೆ ರುಮಾಲು ಸುತ್ತಿದರು. ಸರ್ ಛಾವಣಿ ನೋಡಿದರು.

"ಹೊಗಿ ಹಾಕಿ ಎಲ್ಲಾ ಓಡಿಸೀವ್ರಿ," ಎಂದರು ಹಿರಿಯರು ಹೆಮ್ಮೆಯಿಂದ. "ಮೂಗಿನ ಮ್ಯಾಲ ಎಲಿ ಅಂಟಿಸಿದಂಗ ಇರ್ತೈತಿ ನೋಡ್ರಿ, ಅಂಥಾ ಹೊಲಸು ಬಾವಲಿ!"

ಸರ್ ನನ್ನ ಕಡೆ ತಿರುಗಿದರು. "ಇದ್ದವು ಅಂತ ಚುಕ್ಕೆ ಇಡೋಕೆ ಬರಲ್ಲಮ್ಮ. ಬೇರೆ ವಿಷಯ ನೋಡು."

ನಾನು ಹೊಸ್ತಿಲ ಹೊರಗೇ ನಿಂತು ಗಳಗಳ ಅತ್ತುಬಿಟ್ಟೆ. ಹಿರಿಯರಿಗೆ ಕರುಳು ಚುರ್ರೆಂದಿತು. ಓಡಿ ಬಂದು ಹೇಳಿದರು:

"ಅಂಜಬ್ಯಾಡ್ರಿ ಅಕ್ಕಾರ, ಒಳಗ ಬರ್ರಿ. ಬಸವಣ್ಣನಾಣಿ, ಒಂದೂ ಉಳಿದಿಲ್ಲ!"