ನಾನು ಕಟ್ಟಿದ ಆಂಪ್ಲಿಫೈಯರು, ಶಿವಪ್ಪನ ಮಗ್ಗಗಳು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆಕೆ ಎಷ್ಟೋ ವಾಸಿ, ದೂರಿ ಸುಮ್ಮನಾದಳು. ನಾನು ಹೊಸ ನೆಲವನ್ನೇ ಹಾಕಲು ಹೊರಟವನು. ಹತ್ತು ವರ್ಷದಿಂದ ಗಿಟಾರ್ ಬಾರಿಸುತ್ತಿದ್ದರೂ ಒಂದು ನರಪಿಳ್ಳೆಯೂ ಮೆಚ್ಚದಿರಲು ನನ್ನ ಬೆರಳು ಕಾರಣವಲ್ಲ, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಅಗ್ಗದ ಆಂಪ್ಲಿಫೈಯರೇ ಕಾರಣ ಎಂದು ನನಗೆ ಖಾತ್ರಿಯಾಗಿತ್ತು. ಹೊರದೇಶದಲ್ಲಿ ನಮ್ಮ ಅಜ್ಜನ ಕಾಲದಲ್ಲಿ ತಯಾರಾದ, ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳ ಆಂಪ್ಲಿಫೈಯರ್ ಒಂದಿದೆ. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಕೊಳ್ಳಬೇಕೆಂದರೆ ನಾವಿರುವ ಬನಹಟ್ಟಿಯ ಮನೆ ಮಾರಬೇಕು. ಅದರ ನಕ್ಷೆ ಸಿಕ್ಕಿದ್ದೇ ತಡ, ತದ್ರೂಪು ಕಟ್ಟಲು ಕೂತೆ. ನನ್ನ ಸಾಮಾನಿಗೆ ಜಾಗವಾಗಲೆಂದು ಹೆಂಡತಿ ಮಹಾದೇವಿಯ ಹೊಲಿಗೆ ಮಷಿನ್ ಬೆಳಕಿನ ಖೋಲಿ ಬಿಟ್ಟು ಪಡಸಾಲೆಯ ಕತ್ತಲ ಮೂಲೆಗೆ ಹೋಯಿತು. ಓಣಿಯವರ ಕುಪ್ಪಸ ಹೊಲಿಯುವ ಆಕೆಗೆ ಅಲ್ಲಿ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

ಟ್ರಾನ್ಸ್‌ಫಾರ್ಮರನ್ನು ಜಮಖಂಡಿಯಲ್ಲಿ ಪಂಪ್‌ಸೆಟ್ಟಿನ ಮೋಟರು ಸುತ್ತುವವರಿಂದ ಸುತ್ತಿಸಿದೆ. "ಇಷ್ಟ ತಾಮ್ರದಾಗ ನೀರರೆ ಎತ್ತಬಹುದಿತ್ತಲ್ರಿ ಸರ" ಎಂದು ಅವರು ಮರುಗಿದರು. ಸ್ಪೀಕರಿನ ಮುಂದಿನ ಬಟ್ಟೆಯೂ ಮೂಲದಂತೆಯೇ ಇರಬೇಕಲ್ಲ! ಪಕ್ಕದ ಮನೆಯಲ್ಲಿ ಸೀರೆ ನೇಯುವ ಪವರ್‌ಲೂಮ್ ಹಾಕಿರುವ ಗೆಳೆಯ ಶಿವಪ್ಪನಿಗೆ ಫೋಟೋ ತೋರಿಸಿದೆ. ಅವನು ಎಳೆ ಎಣಿಸಿ, "ನೇದ ಕೊಡ್ತೇನ್ರಿ. ಇದಕ್ಕ ಸೆರಗ ಬ್ಯಾಡೇನ್ರಿ?" ಎಂದು ಕೇಳಿದ.

ಅಂತೂ ಯಂತ್ರ ಎದ್ದು ನಿಂತಿತು. ಗೋಡೆಯಾಚೆ ಶಿವಪ್ಪನ ಮಗ್ಗಗಳು ಖಟಖಟ ಬಡಿಯುತ್ತಿದ್ದರೆ, ಈಚೆ ನಾನು ಕಣ್ಣು ಮುಚ್ಚಿ ಬಾರಿಸುತ್ತಿದ್ದೆ. ಬಂದವರಿಗೆಲ್ಲ ನಾದದ ಬಗ್ಗೆ ಭಾಷಣ ಬಿಗಿದೆ. ಮಗ್ಗಗಳ ಸದ್ದಿನಲ್ಲಿ ಅವರಿಗೆ ಭಾಷಣವೂ ಕೇಳಿಸುತ್ತಿರಲಿಲ್ಲ, ಗಿಟಾರೂ ಕೇಳಿಸುತ್ತಿರಲಿಲ್ಲ. ಪಾಪ, ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು. ನಾನು ಅದನ್ನು ಮೆಚ್ಚುಗೆ ಎಂದು ತಿಳಿದು ಉಬ್ಬಿದೆ.

ಮಹಾದೇವಿಗೆ ಸಾಕಾಗಿತ್ತು. "ಅಮಾಸಿ ದಿನ ಮಗ್ಗ ನಿಂತಿರ್ತಾವ. ನಾಕ ಮಂದಿ ಕುಂತ ಕೇಳ್ಲಿ. ಛಲೋ ಐತಿ ಅಂದ್ರ ಖೋಲಿ ನಿಮ್ದು. ಇಲ್ಲಂದ್ರ ನನ್ನ ಮಷಿನ್ ಒಳಗ ಬರತೈತಿ, ನೋಡ್ರಿ ಮತ್ತ" ಎಂದಳು. ಸೋಲುವ ಮಾತೇ ಇಲ್ಲವೆಂದು ಒಪ್ಪಿದೆ.

ಅಮಾವಾಸ್ಯೆ ಬಂತು. ಮಗ್ಗಗಳಿಗೆ ಪೂಜೆಯಾಗಿ ಓಣಿ ತಣ್ಣಗಿತ್ತು. ಮಂದಿ ಚುರಮುರಿ ತಿನ್ನುತ್ತ ಕೂತರು. ನಾನು ತಂತಿ ಮೀಟಿದೆ. ಅಬ್ಬಾ, ಎಂಥ ಯಂತ್ರವದು! ತಪ್ಪಿದ ಒಂದು ಸ್ವರವನ್ನೂ ಅದು ಮುಚ್ಚಿಡಲಿಲ್ಲ. ಎಲ್ಲವನ್ನೂ ದೊಡ್ಡದು ಮಾಡಿ ಓಣಿಗೆಲ್ಲ ಹಂಚಿತು. ಹತ್ತು ವರ್ಷದಲ್ಲಿ ನನ್ನ ವಾದನವನ್ನು ನಾನೇ ಮೊದಲ ಸಲ ಕೇಳಿದೆ.

"ಏನೋ ಕೆಟ್ಟೈತಿ, ತಡೀರಿ" ಎಂದು ಹಿಂಬದಿ ಬಿಚ್ಚಿ ಮೀಟರ್ ಹಿಡಿದೆ. ಒಂದಾದರೂ ದೋಷ ಸಿಗಲಿ ಶಿವನೇ ಎಂದು ಬೇಡಿಕೊಂಡೆ. ಮುಟ್ಟಿದಲ್ಲೆಲ್ಲ ನಕ್ಷೆಯಲ್ಲಿದ್ದ ವೋಲ್ಟೇಜೇ ಬಂತು. ಅಷ್ಟು ಚೊಕ್ಕವಾಗಿ ಕಟ್ಟಿಟ್ಟಿದ್ದೆ, ದರಿದ್ರದವನು!

ಮಂದಿ ಮತ್ತೆ ಚುರಮುರಿಗೆ ಕೈ ಹಾಕಿದರು. ಮಹಾದೇವಿ ಪಡಸಾಲೆಗೆ ಹೋಗಿ ಮಷಿನ್ ಎಳೆಯತೊಡಗಿದಳು. ಶಿವಪ್ಪ ಮೆಲ್ಲಗೆ ನನ್ನ ಬಳಿ ಸರಿದು, "ಸರ, ಅಮಾಸಿ ಆದ್ರೂ ಅಡ್ಡಿಯಿಲ್ರಿ, ಪೂಜಿ ಮುಗದೈತಿ. ಒಂದ ನಾಕ ಮಗ್ಗ ಚಾಲೂ ಮಾಡ್ಲೇನ್ರಿ?" ಎಂದ.

"ನಾಕ ಸಾಲೂದಿಲ್ಲೋ ಶಿವಪ್ಪಾ, ಇದ್ದಷ್ಟೂ ಮಾಡು" ಎಂದೆ.