ಚಿಕ್ಕಪ್ಪನ ಗರಡಿ, ಅವ್ವನ ತುಪ್ಪ

ಮಧುಗಿರಿ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನಷ್ಟು ತುಪ್ಪ ಖರ್ಚು ಮಾಡಿದ ಪೈಲ್ವಾನ ಇನ್ನೊಬ್ಬನಿಲ್ಲ. ಬೇಕಾದರೆ ಆಣೆ ಇಟ್ಟು ಹೇಳುತ್ತೇನೆ. ಅವನು ಗೆದ್ದ ಕುಸ್ತಿ ಯಾವುದು ಅಂತ ಮಾತ್ರ ದಯವಿಟ್ಟು ಕೇಳಬೇಡಿ! ಕೇಳಿದರೆ ನಾನು ಯೋಚಿಸಬೇಕಾಗುತ್ತದೆ, ಯೋಚಿಸಿದರೆ ಒಂದೂ ನೆನಪಾಗುವುದಿಲ್ಲ, ಆಗ ಸಿಟ್ಟು ನೆತ್ತಿಗೇರುತ್ತದೆ. ಏಕೆಂದರೆ ಆ ತುಪ್ಪ ನಮ್ಮವ್ವನದು.

ಚಿಕ್ಕಪ್ಪ ಎಂದರೆ ನಮ್ಮಪ್ಪನ ಒಬ್ಬನೇ ತಮ್ಮ. ಅಪ್ಪನಿಗೆ ಪೇಟೆಯಲ್ಲಿ ಬೆಲ್ಲದ ಅಂಗಡಿ, ಚಿಕ್ಕಪ್ಪನಿಗೆ ಅಪ್ಪನ ಮನೆಯಲ್ಲಿ ಊಟ. ಆಳು ಹಂಚಿಕಡ್ಡಿ. ಒಮ್ಮೆ ಅವನಿಗೆ ಹೆಣ್ಣು ನೋಡಲು ಕೊರಟಗೆರೆಗೆ ಹೋದರು. ಹುಡುಗಿಯ ಅಜ್ಜಿ ಇವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳಂತೆ: "ಹುಡ್ಗ ಒಳ್ಳೇನೇ ಕಣಪ್ಪ. ಆದ್ರೆ ಆಷಾಢದಾಗೆ ಸೊಂಟಕ್ಕೆ ಕಲ್ಲು ಕಟ್ಕಂಡು ಓಡಾಡ್ಬೇಕಾಯ್ತದೆ!" ಹುಡುಗಿಯ ಕಡೆಯವರೆಲ್ಲ ನಕ್ಕರು. ಅದಕ್ಕಿಂತ ನೋವಿನ ಸಂಗತಿಯೆಂದರೆ ನಮ್ಮಪ್ಪನೂ ನಕ್ಕ. ಮಾರನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಗರಡಿಗೆ ಸೇರಿದ. ಆ ಹುಡುಗಿಗೆ ಬೇರೆ ಗಂಡ ಸಿಕ್ಕಿದ. ಚಿಕ್ಕಪ್ಪ ನಮ್ಮ ಪಾಲಿಗೇ ಉಳಿದ.

ನಮ್ಮೂರ ಗರಡಿಮನೆ ತಗ್ಗು ಬಾಗಿಲಿನ ಕತ್ತಲೆ ಕೋಣೆ. ನಡುವೆ ಕೆಮ್ಮಣ್ಣು ತುಂಬಿದ ಗುಂಡಿ. ಅದನ್ನು ಮಟ್ಟಿ ಅನ್ನುತ್ತಾರೆ. ಕುಸ್ತಿ ನಡೆಯುವುದು ಅದರಲ್ಲೇ. ಆ ಮಣ್ಣಿಗೆ ದಿನವೂ ಪೂಜೆ. ಮಣ್ಣು ಮೆತ್ತಗಿರಲಿ ಅಂತ ಅರಿಶಿನ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡುತ್ತಾರೆ. ಹೆಂಗಸರು ಹೊಸಿಲು ಕೂಡ ದಾಟುವಂತಿಲ್ಲ. ನಾನೂ ದಾಟಿದವಳಲ್ಲ, ಬಾಗಿಲಲ್ಲಿ ಇಣುಕಿ ಬೈಸಿಕೊಂಡವಳು.

ಮೈ ಕಟ್ಟಬೇಕಾದವನು ಚಿಕ್ಕಪ್ಪ, ಬಾಯಿ ಕಟ್ಟಬೇಕಾದವರು ನಾವು! ಕಾಫಿ ರಕ್ತ ಸುಡುತ್ತದೆ, ಬಂದ್. ಹುಣಸೆಹುಳಿ ನರ ಸಡಿಲ ಮಾಡುತ್ತದೆ, ಬಂದ್. ಮೆಣಸಿನಕಾಯಿ ಬುದ್ಧಿ ಕೆಡಿಸುತ್ತದೆಯಂತೆ. ಹುಳಿ ಖಾರ ಎರಡೂ ಇಲ್ಲದ ಸಾರಿನಲ್ಲಿ ಮುದ್ದೆ ಮುಳುಗಿಸಿ ನುಂಗುವ ಶಿಕ್ಷೆ ಯಾವ ಜೈಲಿನಲ್ಲಿದೆ ಹೇಳಿ?

ಆಮೇಲೆ ಅಪ್ಪನ ಸರದಿ. "ಅಣ್ಣಾ, ನೀನು ಅಂಗ್ಡಿ ಸೇರಕ್ಕೆ ಮುಂಚೆ ನಿನ್ ಹೊಟ್ಟೆ ಹೋಗಿ ಸೇರ್ಕಂಡಿರ್ತದೆ. ಬಸ್ಕಿ ಹೊಡಿ" ಅಂತ ಹಟ ಹಿಡಿದ. ಅಪ್ಪ ಕೂತ. ಏಳಿಸಲು ಪಕ್ಕದ ಮನೆಯವರು ಬರಬೇಕಾಯಿತು. ವಾರವಿಡೀ ಸೊಂಟ ಬಗ್ಗಿಸಿಕೊಂಡೇ ವ್ಯಾಪಾರ ಮಾಡಿದ. ಪುರವರದಿಂದ ಬಂದ ಗಿರಾಕಿಯೊಬ್ಬ ಖುಷಿಯಾಗಿ ಅಂದನಂತೆ: "ಸಾವ್ಕಾರ್ರಿಗೆ ಈಗೀಗ ಸಣ್ಣೋರನ್ನ ಕಂಡ್ರೆ ಮರ್ವಾದೆ ಜಾಸ್ತಿ ಆಗ್ಬುಟ್ಟೈತೆ!"

ಚಿಕ್ಕಪ್ಪನ ಮೊದಲ ಕುಸ್ತಿ ಸಿರಾದಲ್ಲಿ. ಅಂಗೈ ಅಗಲದ ಎದೆ ಉಬ್ಬಿಸಿಕೊಂಡು ಅಖಾಡಕ್ಕಿಳಿದು, ಮಣ್ಣಿಗೆ ನಮಸ್ಕಾರ ಮಾಡಿ, ಟಪಟಪ ತೊಡೆ ತಟ್ಟಿದ. ತಟ್ಟಿದ್ದು ಬಹಳ ಹೊತ್ತು. ಆಡಿದ್ದು ಕಣ್ಣು ಮಿಟುಕಿಸುವಷ್ಟು. ಬೆನ್ನು ನೆಲಕ್ಕೆ ಬಡಿದ ಸದ್ದಿಗೆ ತಮಟೆಯವನೇ ಬಾರಿಸುವುದನ್ನು ನಿಲ್ಲಿಸಿಬಿಟ್ಟನಂತೆ. ಅಲ್ಲಿನ ಉಸ್ತಾದ್ ಒಳ್ಳೆಯ ಮನುಷ್ಯ. ಕೈಹಿಡಿದು ಎಬ್ಬಿಸಿ, "ಪರ್ವಾ ಇಲ್ಲ ಮಿಯಾ, ತೊಡೆ ತಟ್ಟೋದು ಬಹುತ್ ಅಚ್ಛಾ!" ಅಂದರಂತೆ.

ಮನೆಗೆ ಬಂದವನು ಗೋಡೆ ಹಿಡಿದು ಕೂತು ಅವ್ವನ ಮುಂದೆ ವರದಿ ಒಪ್ಪಿಸಿದ. "ಸೋತಿದ್ದು ನಾನಲ್ಲ ಅತ್ತಿಗೆ. ಆ ಮಣ್ಣು ಸರಿ ಇಲ್ಲ. ಬಂಡೆ ಇದ್ದಂಗೈತೆ."

ಅವ್ವ ಬೆನ್ನಿಗೆ ಬಿಸಿ ಎಣ್ಣೆ ತಂದಿಟ್ಟು ಕೇಳಿದಳು: "ಗಟ್ಟಿ ಇದ್ರೆ ನಿಂತ್ಕಳಾಕೆ ಸಲೀಸಲ್ವೇನಪ್ಪ?"

"ನಿಂತ್ಕಳೋರು ಯಾರು ಅತ್ತಿಗೆ? ಬೀಳೋರ ಕಷ್ಟ ಬೀಳೋರಿಗೇ ಗೊತ್ತು!"

ಅಂದಿನಿಂದ ಮಣ್ಣಿನ ಹುಚ್ಚು ಹತ್ತಿತು. ತಾನು ಕುಸ್ತಿ ಆಡುವುದನ್ನೇ ಬಿಟ್ಟು ಗರಡಿಯ ಮಟ್ಟಿಯ ಸೇವಕನಾದ. ಕೆರೆಯಂಗಳದಿಂದ ಮಣ್ಣು ಹೊತ್ತು ತರುವುದು, ಹೆಂಟೆ ಒಡೆಯುವುದು, ಜರಡಿ ಹಿಡಿಯುವುದು. ಯಾರ ಜರಡಿ? ಅವ್ವ ರಾಗಿಹಿಟ್ಟು ಜರಡಿ ಹಿಡಿಯುವುದೇ! ರೊಟ್ಟಿಯಲ್ಲಿ ಕಲ್ಲು ಸಿಕ್ಕಿ ನಮ್ಮಜ್ಜಿಗಿದ್ದ ಒಂದೇ ಗಟ್ಟಿ ಹಲ್ಲು ಅಲ್ಲಾಡಿತು. ಚಿಕ್ಕಪ್ಪ ತಾಯಿಗೆ ಸಮಾಧಾನ ಹೇಳಿದ: "ಗರಡಿ ಮಣ್ಣು ಪ್ರಸಾದ ಕಣವ್ವಾ. ಕಣ್ಮುಚ್ಕಂಡು ನುಂಗ್ಬುಡು."

ಇಲ್ಲಿಯವರೆಗೆ ನಗಬಹುದು. ನಾನೂ ನಕ್ಕಿದ್ದೇನೆ.

ಆ ವರ್ಷ ಅವ್ವನಿಗೆ ಹೆರಿಗೆಯಾಯಿತು. ಮಗು ಉಳಿಯಲಿಲ್ಲ, ಅವ್ವ ಮತ್ತೆ ಮೊದಲಿನಂತಾಗಲಿಲ್ಲ. ನೀರಿನ ಕೊಡ ಎತ್ತಿದರೆ ನಾಲ್ಕು ಹೆಜ್ಜೆಗೊಮ್ಮೆ ಇಳಿಸುತ್ತಿದ್ದಳು. ಪಂಡಿತರು ನಾಡಿ ನೋಡಿ ಅಜ್ಜಿಯನ್ನು ಕರೆದು, "ಈ ಹೆಣ್ಮಗಳಿಗೆ ಔಷಧಕ್ಕಿಂತ ಹಾಲು ತುಪ್ಪ ಬೇಕಮ್ಮ. ಇಲ್ಲದಿದ್ದರೆ ಜೀವಕ್ಕೇ ಕಷ್ಟ" ಎಂದರು. ಯುದ್ಧದ ಕಾಲ ಅದು. ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ, ತುಪ್ಪ ಕೊಳ್ಳುವ ಮಾತು ದೂರ. ಮನೆಯಲ್ಲಿದ್ದದ್ದು ಒಂದು ಎಮ್ಮೆ. ಅಜ್ಜಿಯ ನ್ಯಾಯ ಅಜ್ಜಿಗೆ: "ಸಾಮು ಮಾಡೋ ಗಂಡ್ಸಿಗೆ ಮೊದ್ಲು. ಹೆಂಗಸ್ರಿಗೆ ಯಾತರ ತುಪ್ಪ?" ಪಂಡಿತರ ಮಾತನ್ನು ಅವಳು ಯಾರ ಕಿವಿಗೂ ಹಾಕಲಿಲ್ಲ. ಗೋಡೆಗೆ ಕಿವಿಯಿಟ್ಟು ಕೇಳಿಸಿಕೊಂಡವಳು ನಾನೊಬ್ಬಳೇ. ಅಪ್ಪನಿಗೆ ಹೇಳಿದೆ. "ನಿಮ್ಮಜ್ಜಿ ನೋಡ್ಕತಾಳೆ ಬುಡು" ಅಂದ.

ಚಿಕ್ಕಪ್ಪ ಬೆಳಿಗ್ಗೆ ಬೆಳಿಗ್ಗೆ ಲೋಟ ತುಂಬ ತುಪ್ಪ ತೆಗೆದುಕೊಂಡು ಗರಡಿಗೆ ಹೋಗುತ್ತಿದ್ದ. ಕಾಸಿದವಳು ಸೌಟು ನೆಕ್ಕುತ್ತಿದ್ದಳು. ಕೊನೆಗೆ ಅವ್ವ ನನ್ನ ಬಲವಂತಕ್ಕೆ ನೆಲುವಿನ ಮೇಲೊಂದು ಪುಟ್ಟ ಕುಡಿಕೆಯಲ್ಲಿ ತನಗೆಂದು ಎತ್ತಿಟ್ಟುಕೊಂಡಳು. ಒಂದು ಬೆಳಿಗ್ಗೆ ನೋಡಿದರೆ ಅದೂ ಖಾಲಿ!

ಚಿಕ್ಕಪ್ಪ ಗರಡಿಯಿಂದ ಬರುವುದನ್ನೇ ಕಾದು ಬಾಗಿಲಿಗೆ ಅಡ್ಡ ನಿಂತೆ. "ಅವ್ವನ ತುಪ್ಪಾನೂ ತಿಂದ್ಬುಟ್ಯಾ? ಅವ್ವ ಸತ್ತೋಯ್ತಳೆ ಅಂತ ಪಂಡಿತ್ರು ಹೇಳವ್ರೆ, ಗೊತ್ತಾ?"

ಅವನ ಮುಖ ಸುಣ್ಣ ಬಳಿದಂತಾಯಿತು. "ನಂಗೆ ಯಾರೂ ಹೇಳ್ಲಿಲ್ವಲ್ಲ ಮಗಾ! ನಾನು ತಿಂದಿಲ್ಲ. ಕೊಳ್ಳಾಗಿರೋ ಲಿಂಗದಾಣೆ, ಸಿರಾದಿಂದ ಬಂದ್ಮೇಲೆ ಒಂದು ತೊಟ್ಟೂ ತಿಂದಿಲ್ಲ. ಎಲ್ಲಾ ಮಟ್ಟಿಗೆ ಹಾಕ್ದೆ."

ನಾನೂ, ಮಾತು ಕೇಳಿ ಒಳಗಿಂದ ಬಂದ ಅವ್ವನೂ ಅವನ ಮೈ ನೋಡಿದೆವು. ಹೌದಲ್ಲ! ಅದೇ ಹಂಚಿಕಡ್ಡಿ. ಅಷ್ಟು ತುಪ್ಪ ತಿಂದವನ ಮೈ ಹಾಗಿರಲು ಸಾಧ್ಯವೇ? ನಮಗೆ ಯಾಕೆ ಹೊಳೆಯಲಿಲ್ಲ?

"ಹುಡುಗ್ರು ಬೀಳ್ತಾವೆ ಅತ್ತಿಗೆ," ಅಂದ, ತಲೆ ತಗ್ಗಿಸಿ. "ಬಿದ್ದಾಗ ನೋಯ್ಬಾರ್ದು ಅಂತ."

ಅವ್ವ ನಕ್ಕಳು. ನಗುತ್ತಾ ಕೆಮ್ಮು ಬಂತು. "ನನ್ ತುಪ್ಪ ತಿಂದಿರೋ ಆ ಮಣ್ಣು ಹೆಂಗೈತೆ, ಒಂದ್ಸಲ ನೋಡ್ಬೇಕಲ್ಲಪ್ಪ."

"ಹೆಂಗಸ್ರು ಬರಂಗಿಲ್ವಲ್ಲ ಅತ್ತಿಗೆ."

"ಹೌದಾ? ತುಪ್ಪ ಹೋಗ್ಬೋದು, ಕಾಸಿದೋಳು ಹೋಗ್ಬಾರ್ದು. ಚೆನ್ನಾಗೈತೆ ಕಣಪ್ಪ ನಿಮ್ ಗರಡಿ."

ಮಾರನೆಯ ದಿನದಿಂದ ಚಿಕ್ಕಪ್ಪ ತುಪ್ಪದ ಬಟ್ಟಲು ಹಿಡಿದು ಅವ್ವನ ಮುಂದೆ ನಿಲ್ಲತೊಡಗಿದ. ಅಜ್ಜಿ ಗೊಣಗಿದರೆ ಅಜ್ಜಿಯ ಮೇಲೇ ಕಣ್ಣು ಬಿಟ್ಟ. "ಕುಡಿ ಅತ್ತಿಗೆ, ಒಂದು ಗುಟುಕು" ಅಂತ ಅಂಗಲಾಚಿದ. ಅಷ್ಟು ಹೊತ್ತಿಗೆ ಅವ್ವನ ಹೊಟ್ಟೆ ತುಪ್ಪ ಒಪ್ಪುವುದನ್ನು ಮರೆತಿತ್ತು. ಮಾಘದ ಚಳಿಯಲ್ಲಿ ಅವ್ವ ಹೋದಳು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಬೆಟ್ಟದ ಬುಡದ ಆ ನೆಲವನ್ನು ನೀವು ನೋಡಬೇಕು. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ತೋಡಿದ ಗುಂಡಿಯ ತುಂಬ ಚೂಪು ಕಲ್ಲು. ಚಿಕ್ಕಪ್ಪ ಬಗ್ಗಿ ನೋಡಿದವನೇ ಊರ ಕಡೆ ಹೊರಟುಬಿಟ್ಟ. ಇವತ್ತೂ ಗರಡಿಗೆ ಹೋದನಲ್ಲ ಪಾಪಿ, ಅಂತ ನಾನು ಹಲ್ಲು ಕಚ್ಚಿದೆ.

ಅವನು ಗರಡಿಗೇ ಹೋಗಿದ್ದ. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಬಂದ. ಹಿಂದೆ ಗರಡಿಯ ಹುಡುಗರೆಲ್ಲ ಸಾಲಾಗಿ, ಎಲ್ಲರ ತಲೆಯ ಮೇಲೂ ಬುಟ್ಟಿ. ಅವರ ಹಿಂದೆ ಗರಡಿಯ ಹಿರಿಯರು ಕೂಗಾಡುತ್ತಾ: "ಲೇ, ಮಟ್ಟೀನೇ ಬರಿದು ಮಾಡ್ಬುಟ್ಟಲ್ಲೋ! ಹೆಂಗಸಿಗೆ ಗರಡಿ ಮಣ್ಣಾ?"

ಚಿಕ್ಕಪ್ಪ ತಿರುಗಿ ನಿಂತ. ಜೀವಮಾನದಲ್ಲಿ ಅವನು ಹಾಗೆ ಗಟ್ಟಿಯಾಗಿ ನಿಂತದ್ದನ್ನು ನಾನು ಕಂಡಿರಲಿಲ್ಲ. "ನಮ್ಮತ್ತಿಗೇದೇ ಕಣ್ರೋ ಇದು. ಅವಳು ಗರಡಿಗೆ ಬರಂಗಿಲ್ಲ ಅಂದ್ರಿ, ಬರಲಿಲ್ಲ. ಈಗ ಗರಡೀನೇ ಬಂದೈತೆ. ತಡೀರಿ ನೋಡನ!"

ಯಾರೂ ತಡೆಯಲಿಲ್ಲ. ಗುಂಡಿಗೆ ಇಳಿದು, ಸಣ್ಣ ಹೆಂಟೆಯನ್ನೂ ಬೆರಳಲ್ಲಿ ಪುಡಿ ಮಾಡುತ್ತಾ, ಅಳುತ್ತಾ, ಆ ಚೂಪು ಕಲ್ಲುಗಳೆಲ್ಲ ಮುಚ್ಚುವಂತೆ ಮಣ್ಣು ಹಾಸಿದ. ನಾನು ಒಂದು ಹಿಡಿ ತೆಗೆದು ಮೂಸಿದೆ. ಅರಿಶಿನ, ಮಜ್ಜಿಗೆ, ತುಪ್ಪ. ನಮ್ಮ ಅಡುಗೆಮನೆಯ ವಾಸನೆ. ಅವ್ವನ ಸೆರಗಿನ ವಾಸನೆ.

ಆ ತುಪ್ಪ ಅವ್ವನ ಹೊಟ್ಟೆಗೆ ಹೋಗಬೇಕಿತ್ತು. ಆ ಸಿಟ್ಟು ನನಗೆ ಆಗಲೂ ಇತ್ತು, ಈಗಲೂ ಇದೆ. ಆದರೂ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತು, ಒಳಗೆ ಕೈಯಾಡಿಸಿ ನೋಡಿ, ಅವನಿಗೆ ಹೇಳಿದೆ:

"ಚಿಕ್ಕಪ್ಪಾ, ಬೆನ್ನು ಬರೋ ಕಡೆ ಇನ್ನೂ ಕಲ್ಲು ಒತ್ತುತ್ತೆ. ಅಲ್ಲಿಗೆ ಇನ್ನೊಂದು ಬುಟ್ಟಿ ಹಾಕು."